ಪರ್ಸಿನಲ್ಲಿ ಲೈಸನ್ಸ್ ರಿವಾಲ್ವರ್, ಗೇಟಿನಲ್ಲಿ ಟೋಕನ್ 14: ನಾನು ಮಾಡಿದ್ದು ಸರಿನಾ?

ಬಂಕ್ ಅಕ್ಕ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಸೊಲ್ಲಾಪುರ ರಸ್ತೆಯಲ್ಲಿ ನಮ್ಮದೊಂದು ಪೆಟ್ರೋಲ್ ಬಂಕ್ ಇದೆ. ಯಜಮಾನರು ತೀರಿಕೊಂಡ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಅವರ ಹೆಸರಿನಲ್ಲಿ ಒಂದು .32 ರಿವಾಲ್ವರ್ ಇತ್ತು, ಕಾನ್ಪುರದ ಸರ್ಕಾರಿ ಕಾರ್ಖಾನೆಯದು. ಅವರು ಹೋದ ಮೇಲೆ ಅದನ್ನು ಠಾಣೆಯಲ್ಲಿ ಜಮಾ ಮಾಡಿದೆ. ವಾರಸುದಾರಳು ಅಂತ ಅರ್ಜಿ ಹಾಕಿದೆ. ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಮೈದಾನದಲ್ಲಿ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೂ ಹೋದೆ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮರಳು ಚೀಲದ ಹಿಂದೆ ಮಲಗಿ ರೈಫಲ್ ಹೊಡೆದವಳು ಆ ಬ್ಯಾಚಿನಲ್ಲಿ ನಾನೊಬ್ಬಳೇ. ಆಮೇಲೆ ಲೈಸನ್ಸ್ ನನ್ನ ಹೆಸರಿಗೆ ಆಯಿತು.

ಈಗ ಜನ ಜಾಸ್ತಿ ಫೋನಿನಲ್ಲೇ ದುಡ್ಡು ಹಾಕುತ್ತಾರೆ, ನಿಜ. ಆದರೆ ಲಾರಿಯವರು, ಟ್ರ್ಯಾಕ್ಟರ್‌ನವರು ಇನ್ನೂ ನೋಟು ಕೊಡುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಅಂತೂ ಕೇಳಲೇಬೇಡಿ. ಶನಿವಾರ, ಭಾನುವಾರದ ಕಲೆಕ್ಷನ್ ಸೇರಿಸಿ ಸೋಮವಾರ ಬೆಳಗ್ಗೆ ಬ್ಯಾಂಕಿಗೆ ಕಟ್ಟುತ್ತೇನೆ. ಅವತ್ತು ಮಾತ್ರ ರಿವಾಲ್ವರ್ ಪರ್ಸಿನಲ್ಲಿ ಇರುತ್ತದೆ. ಬೇರೆ ದಿನ ಗಾದ್ರೆಜ್ ಕಪಾಟಿನಲ್ಲಿ.

ಎರಡು ಸೋಮವಾರದ ಹಿಂದೆ ಬ್ಯಾಂಕಿನ ಕೆಲಸ ಬೇಗ ಮುಗಿಯಿತು. ಹೇಗೂ ಊರೊಳಗೆ ಬಂದಿದ್ದೇನೆ, ಒಂದು ಕಾಗದದ ಕೆಲಸ ಬಾಕಿ ಇದೆ, ಮುಗಿಸಿಬಿಡೋಣ ಅಂತ ಒಂದು ಸರ್ಕಾರಿ ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಕೇಳಬೇಡಿ. ಗೇಟಿನಲ್ಲಿ ಮೊದಲೆಲ್ಲ ಯಾರೂ ಇರುತ್ತಿರಲಿಲ್ಲ. ಈಗ ಹೊರಗುತ್ತಿಗೆಯ ಗಾರ್ಡ್ ಒಬ್ಬ, ಒಂದು ಟೇಬಲ್ಲು, ಒಂದು ರಿಜಿಸ್ಟರು. "ಅಕ್ಕಾರ, ಬ್ಯಾಗ್ ತೆಗೀರಿ" ಅಂದ. ಆಗಲೇ ನನಗೆ ನೆನಪಾಗಿದ್ದು.

ಏನು ಮಾಡಬೇಕು ಅಂತ ತೋಚಲಿಲ್ಲ. ಹಿಂದೆ ನಾಲ್ಕೈದು ಜನ ನಿಂತಿದ್ದರು. ಮೆಲ್ಲಗೆ "ತಮ್ಮಾ, ಇದರಾಗ ಲೈಸನ್ಸ್ ರಿವಾಲ್ವರ್ ಐತಿ" ಅಂದೆ. ಲೈಸನ್ಸ್ ಪುಸ್ತಕವನ್ನೂ ತೋರಿಸಿದೆ. ಅವನು ಪುಸ್ತಕದ ಫೋಟೋ ನೋಡಿದ, ನನ್ನ ಮುಖ ನೋಡಿದ. ಒಳಗೆ ಬಿಡುವುದಿಲ್ಲ ಅಂತಾನೇನೋ ಅಂದುಕೊಂಡೆ. ಅವನು ಅಂದಿದ್ದು ಬೇರೆ: "ಇಲ್ಲಿ ಇಟ್ಟ ಹೋಗ್ರಿ, ಟೋಕನ್ ಕೊಡ್ತೀನಿ." ಹೆಲ್ಮೆಟ್ ಇಡುವವರಿಗೆ ಕೊಡುವ ಅದೇ ಹಿತ್ತಾಳೆ ಬಿಲ್ಲೆ. ನಂಬರ್ 14. ರಿವಾಲ್ವರ್ ಅನ್ನು ಪೌಚಿನ ಸಮೇತ ಟೇಬಲ್ ಡ್ರಾಯರಿಗೆ ಹಾಕಿದ. ಅಲ್ಲಿ ಅವನ ಊಟದ ಡಬ್ಬಿ ಇತ್ತು, ಯಾರದೋ ಚಾರ್ಜರ್ ಇತ್ತು. ಒಳಗೆ ಆರೂ ಗುಂಡು ಹಾಗೇ ಇದ್ದವು. ತೆಗೆಯಬೇಕು ಅಂತ ನನಗೂ ಹೊಳೆಯಲಿಲ್ಲ, ಅವನೂ ಕೇಳಲಿಲ್ಲ.

ಒಳಗೆ ಸಾಹೇಬರು ಮೀಟಿಂಗಿನಲ್ಲಿದ್ದರು. ಹದಿನೈದು ನಿಮಿಷದ ಕೆಲಸಕ್ಕೆ ಒಂದೂವರೆ ತಾಸು ಆಯಿತು. ಹೊರಗೆ ಬಂದು ನೋಡಿದರೆ ಟೇಬಲ್ ಹತ್ತಿರ ಯಾರೂ ಇಲ್ಲ. ಡ್ರಾಯರಿಗೆ ಕೀಲಿಕೈ ನೇತಾಡುತ್ತಿದೆ. ನನ್ನ ಎದೆ ಧಸಕ್ ಅಂದಿತು. ಗಾರ್ಡ್ ರಸ್ತೆಯಾಚೆ ಚಹಾ ಕುಡಿಯುತ್ತಿದ್ದ. ಅಲ್ಲಿಂದಲೇ ಕೈ ಎತ್ತಿ "ಬಂದೆ ಅಕ್ಕಾರ" ಅಂದ. ರಿವಾಲ್ವರ್ ಇತ್ತು. ಮನೆಗೆ ಬಂದು ಎಣಿಸಿದೆ, ಆರೂ ಇದ್ದವು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಪ್ರಶ್ನೆ. ಬರುವ ವಾರ ಕೋರ್ಟಿಗೆ ಹೋಗಬೇಕು. ಲಾರಿ ಮಾಲೀಕರೊಬ್ಬರು ಡೀಸೆಲ್ ಸಾಲಕ್ಕೆ ಕೊಟ್ಟ ಚೆಕ್ ಬೌನ್ಸ್ ಆಗಿದೆ, ನನ್ನ ಸಾಕ್ಷಿ ಇದೆ. ಅದೂ ಸೋಮವಾರವೇ ಬಂದಿದೆ. ಡಿಸೆಂಬರ್‌ನಲ್ಲಿ ಅಧಿವೇಶನ ನಡೆದರೆ ಬಂಕಿನವರೆಲ್ಲ ಸೇರಿ ಬೆಳಗಾವಿಯ ಸುವರ್ಣ ಸೌಧಕ್ಕೆ ಮನವಿ ಕೊಡಲು ಹೋಗುವ ಮಾತೂ ನಡೆದಿದೆ. ಇಂಥ ಕಡೆ ಲೈಸನ್ಸ್ ಇರುವವರು ಆಯುಧವನ್ನು ಎಲ್ಲಿ ಕೊಡಬೇಕು? ಯಾರಿಗೆ ಕೊಡಬೇಕು? ಗುರಿ ಇಟ್ಟು ಹೊಡೆಯುವುದನ್ನು ತರಬೇತಿಯಲ್ಲಿ ಕಲಿಸಿದರು. ಗೇಟಿನಲ್ಲಿ ಏನು ಮಾಡಬೇಕು ಅನ್ನುವುದನ್ನು ಯಾರೂ ಹೇಳಲಿಲ್ಲ.

ತೋಪಿನ ಓಣಿ ಹುಡುಗ

ಅಕ್ಕಾರ, ಮಲಿಕ್-ಎ-ಮೈದಾನ್ ತೋಪಿನ ಬಾಯೊಳಗೆ ಇಟ್ಟು ಹೋಗಿ. 55 ಟನ್ ತೂಕ, ಯಾರೂ ಎತ್ತಿಕೊಂಡು ಹೋಗುವುದಿಲ್ಲ. ಟೋಕನ್ ಕೂಡ ಬೇಡ.

ತಮಾಷೆ ಬಿಡಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟು ಲಾಕ್ ಮಾಡಿದರೆ ಮುಗೀತಲ್ವಾ?

ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಬಾಗಲಕೋಟೆ

ಹುಡುಗನ ಮಾತು ಕೇಳಬೇಡಿ ತಂಗಿ. ಕಾರಿನ ಗ್ಲಾಸ್ ಒಡೆದು ಲ್ಯಾಪ್‌ಟಾಪ್ ಒಯ್ದ ಕೇಸು ನಾನು ಬರೆದಿದ್ದಕ್ಕೆ ಲೆಕ್ಕವೇ ಇಲ್ಲ. ಲ್ಯಾಪ್‌ಟಾಪ್ ಹೋದರೆ ದುಡ್ಡು ಹೋಯಿತು. ರಿವಾಲ್ವರ್ ಹೋದರೆ ಅದು ನಾಳೆ ಎಲ್ಲಿ, ಯಾರ ಕೈಯಲ್ಲಿ ಸಿಗುತ್ತದೋ! ಎಲ್ಲಿ ಸಿಕ್ಕರೂ ಮೊದಲು ಕರೆಯುವುದು ನಿಮ್ಮನ್ನೇ. ಲೈಸನ್ಸ್ ಉಳಿಯುವ ಆಸೆಯನ್ನೂ ಬಿಡಬೇಕು.

ನೀವು ಕೇಳಿದ್ದಕ್ಕೆ ನೇರ ಉತ್ತರ: ನಮ್ಮ ಕಡೆಯ ಕಚೇರಿಗಳಲ್ಲಿ ಸಾರ್ವಜನಿಕರ ಆಯುಧ ಇಟ್ಟುಕೊಳ್ಳುವ ಲಾಕರ್ ವ್ಯವಸ್ಥೆಯನ್ನು ನಾನು ನನ್ನ ಸರ್ವಿಸಿನಲ್ಲಿ ಒಂದು ಕಡೆಯೂ ನೋಡಿಲ್ಲ. ಕೋರ್ಟ್ ಗೇಟಿನಲ್ಲಿ ಮೂರು ವರ್ಷ ಡ್ಯೂಟಿ ಮಾಡಿದ್ದೇನೆ. ಯಾರಾದರೂ ಲೈಸನ್ಸ್ ಆಯುಧ ತಂದರೆ ನಾವು ವಾಪಸ್ ಕಳಿಸುತ್ತಿದ್ದೆವು, ಅಷ್ಟೇ. "ಮನೆಯಲ್ಲಿ ಇಟ್ಟು ಬನ್ನಿ." ಒಬ್ಬರು ದೊಡ್ಡ ಸಾಹುಕಾರರು ಸಿಟ್ಟಾಗಿ "ನಾನು ಯಾರು ಗೊತ್ತಾ" ಅಂದರು. "ಗೊತ್ತು ಸಾಹುಕಾರ್ರ, ಅದಕ್ಕ ಹೇಳಾಕತ್ತೇನಿ" ಅಂದೆ. ನಕ್ಕು ಹೋದರು. 2021ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ರೋಹಿಣಿ ಕೋರ್ಟಿನ ಒಳಗೇ ಗುಂಡು ಹಾರಿದ್ದು ನೆನಪಿದೆಯಲ್ಲ? ಹೊಡೆದವರು ವಕೀಲರ ವೇಷದಲ್ಲಿ ಬಂದಿದ್ದರು. ಅದಾದ ಮೇಲೆ ಕೋರ್ಟ್ ಗೇಟಿನಲ್ಲಿ ಯಾರೂ ಮುಖ ನೋಡಿ ಬಿಡುವುದಿಲ್ಲ.

ಇನ್ನು ಠಾಣೆ. ಚುನಾವಣೆ ಬಂದಾಗ ನೀವು ಜಮಾ ಮಾಡಿರುತ್ತೀರಿ. 2024ರಲ್ಲಿ ನಮ್ಮ ಕಡೆ ಮೇ 7ಕ್ಕೆ ಮತದಾನ ಇತ್ತು, ಎಣಿಕೆ ಜೂನ್ 4ಕ್ಕೆ. ಅಲ್ಲಿಯ ತನಕ ಊರಿನ ಬಂದೂಕುಗಳೆಲ್ಲ ಠಾಣೆಯ ಕೋಣೆಯಲ್ಲಿ, ಒಂದೊಂದಕ್ಕೂ ದಾರ ಕಟ್ಟಿ ಚೀಟಿ ಅಂಟಿಸಿ. ಅದಕ್ಕೆ ಒಂದು ಪದ್ಧತಿ ಇದೆ, ರಶೀದಿ ಇದೆ. ಹಾಗಂತ ಠಾಣೆ ಬಸ್ ಸ್ಟ್ಯಾಂಡಿನ ಲಗೇಜ್ ರೂಮ್ ಅಲ್ಲ. ಎರಡು ತಾಸು ಇಟ್ಟುಕೊಳ್ಳಿ ಅಂದರೆ ಬೈಸಿಕೊಳ್ಳುತ್ತೀರಿ. ಊರು ಬಿಟ್ಟು ಹೋಗುತ್ತೇನೆ, ಮನೆಯಲ್ಲಿ ಯಾರೂ ಇಲ್ಲ, ಹತ್ತು ದಿನ ಇರಲಿ ಅಂತ ಅರ್ಜಿ ಕೊಟ್ಟರೆ ಅದು ಬೇರೆ ಮಾತು. ಕೊಡುವಾಗ ರಶೀದಿಯಲ್ಲಿ ನಾಲ್ಕು ಇರಬೇಕು. ಲೈಸನ್ಸ್ ನಂಬರ್, ಆಯುಧದ ಮೇಲಿನ ನಂಬರ್, ಬೋರ್ (ನಳಿಕೆಯ ಅಳತೆ, ನಿಮ್ಮದು .32), ಗುಂಡು ಎಷ್ಟು. ಗುಂಡಿನ ಲೆಕ್ಕ ಬರೆಯದೆ ಬಿಡುತ್ತಾರೆ, ನೀವೇ ಹೇಳಿ ಬರೆಸಿ.

ವಕೀಲೆ, ವಿಜಯಪುರ

ಮೇಡಂ, ಹೆದರಿಸಲು ಹೇಳುತ್ತಿಲ್ಲ. ಆದರೆ ಟೋಕನ್ 14ರಲ್ಲಿ ನಿಮಗಿಂತ ದೊಡ್ಡ ಅಪಾಯ ಆ ಗಾರ್ಡ್‌ಗೆ ಇತ್ತು.

1959ರ ಆಯುಧ ಕಾಯಿದೆಯ 3ನೇ ಸೆಕ್ಷನ್ ಪ್ರಕಾರ ಬಂದೂಕು ಯಾರ ವಶದಲ್ಲಿ ಇರುತ್ತದೋ ಅವರ ಹತ್ತಿರ ಲೈಸನ್ಸ್ ಇರಬೇಕು. ನಿಮ್ಮ ಲೈಸನ್ಸ್ ನಿಮಗೆ ಮಾತ್ರ. ಆ ಹುಡುಗನ ಡ್ರಾಯರಿಗೆ ಬಿದ್ದ ಮೇಲೆ ಅದು ಯಾರ ವಶ? ನೀವು ಒಳಗೆ, ಕೀಲಿ ಅವನ ಹತ್ತಿರ. 2019ರ ತಿದ್ದುಪಡಿ ಆದ ಮೇಲೆ ಲೈಸನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ. ಅದು ತಾತ್ಕಾಲಿಕ, ಒಳ್ಳೆಯ ಉದ್ದೇಶ ಅಂತ ಕೋರ್ಟಿನಲ್ಲಿ ವಾದ ಮಾಡಬಹುದು, ನಾನೇ ಮಾಡುತ್ತೇನೆ. ಆದರೆ ಹನ್ನೆರಡು ಸಾವಿರ ಸಂಬಳದ ಹುಡುಗ ವಕೀಲರ ಫೀ ಎಲ್ಲಿಂದ ತರುತ್ತಾನೆ? ಎದುರಿನವನಿಗೆ ಆಯುಧ ಇಟ್ಟುಕೊಳ್ಳುವ ಹಕ್ಕು ಇದೆಯಾ ಅಂತ ಖಾತ್ರಿ ಮಾಡಿಕೊಳ್ಳದೆ ಕೈಗೆ ಕೊಡುವುದೂ ತಪ್ಪೇ. ಅದು 29ನೇ ಸೆಕ್ಷನ್. ಅದು ನಿಮ್ಮ ಪಾಲಿಗೆ.

ಲೈಸನ್ಸಿನಲ್ಲಿ ಮುದ್ರಿಸಿದ ಷರತ್ತುಗಳನ್ನು ಒಮ್ಮೆ ಓದಿ. ಯಾರೂ ಓದುವುದಿಲ್ಲ. ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ, ಶಾಲೆ ಕಾಲೇಜಿನ ಆವರಣಕ್ಕೆ ಆಯುಧ ಒಯ್ಯಬಾರದು ಅಂತ ಅಲ್ಲೇ ಇದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ನಡೆಯುವಾಗ ಬ್ಯಾಂಕಿನಿಂದ ಬರುತ್ತಾ ಹಾಗೇ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬರೋಣ ಅಂದರೆ ಅದೂ ಷರತ್ತು ಮುರಿದಂತೆ. ಮಗನ ಕಾಲೇಜಿಗೆ ಫೀ ಕಟ್ಟಲು ಹೋದರೂ ಅಷ್ಟೇ. ಷರತ್ತು ಮುರಿದರೆ ಆರು ತಿಂಗಳ ತನಕ ಶಿಕ್ಷೆ ಆಗಬಹುದು. ಅದಕ್ಕಿಂತ ಹೆಚ್ಚಾಗಿ ಲೈಸನ್ಸ್ ರದ್ದಾಗಬಹುದು.

ನೀವು ಸರಿಯಾಗಿ ಮಾಡಿದ್ದೂ ಇದೆ. ಪರ್ಸಿನೊಳಗೆ, ಪೌಚಿನಲ್ಲಿ, ಹೊರಗೆ ಕಾಣದ ಹಾಗೆ, ಕೈಗೆ ಎಟಕುವ ಹಾಗೆ ಇಟ್ಟುಕೊಂಡಿದ್ದಿರಿ. 2016ರ ಆಯುಧ ನಿಯಮಗಳು ಕೇಳುವುದೂ ಅದನ್ನೇ. ಮೂಲ ಲೈಸನ್ಸ್ ಜೊತೆಗಿತ್ತು. ಪೊಲೀಸರು ಯಾವಾಗ ಕೇಳಿದರೂ ತೋರಿಸಬೇಕು, 19ನೇ ಸೆಕ್ಷನ್. ಮೊಬೈಲಿನಲ್ಲಿರುವ ಫೋಟೋ ನಂಬಿಕೊಂಡು ಹೋಗಬೇಡಿ.

ನಿಮ್ಮ ಚೆಕ್ ಕೇಸಿಗೆ ಸಾಕ್ಷಿ ಅಂದರೆ ಬೆಳಗ್ಗೆ 11ಕ್ಕೆ ಕೂಗುತ್ತಾರೋ ಸಂಜೆ 4ಕ್ಕೋ ದೇವರಿಗೇ ಗೊತ್ತು. ಆ ದಿನ ಬ್ಯಾಂಕ್ ಬೇಡ.

ಮಾಜಿ ಸುಬೇದಾರ್, ಬೆಳಗಾವಿ

ತಾಯಿ, ನಾನು ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದವನು. ಈಗ ಇಲ್ಲಿ ಒಂದು ದೊಡ್ಡ ಕಟ್ಟಡದಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಗೇಟಿನ ಆಚೆ ನಿಂತವರ ಮಾತು ಎಲ್ಲರೂ ಹೇಳಿದರು. ಈಚೆ ನಿಂತವನ ಮಾತು ಹೇಳುತ್ತೇನೆ.

ಮರೆತು ತಂದೇಬಿಟ್ಟಿರಿ ಅಂತ ಇಟ್ಟುಕೊಳ್ಳಿ. ಸಾಲಿನಲ್ಲಿ ನಿಂತಾಗ ನೆನಪಾದರೆ ಸುಮ್ನೆ ಸಾಲು ಬಿಟ್ಟು ಹಿಂದಕ್ಕೆ ಹೋಗಿಬಿಡಿ. ಯಾರಿಗೂ ಏನೂ ಹೇಳುವುದು ಬೇಡ. ಟೇಬಲ್ ತನಕ ಬಂದಾಗಿದ್ದರೆ ಬ್ಯಾಗಿನೊಳಗೆ ಕೈ ಹಾಕಬೇಡಿ. ಇದೇ ಮುಖ್ಯ. ಎಲ್ಲರೂ ತಪ್ಪು ಮಾಡುವುದು ಇಲ್ಲೇ. "ನೋಡ್ರಿ, ಇದು" ಅಂತ ತೆಗೆದು ತೋರಿಸಲು ಹೋಗುತ್ತಾರೆ. ನನ್ನ ಹುಡುಗರಿಗೆ ಆ ಕ್ಷಣದಲ್ಲಿ ಕಾಣುವುದು ಒಂದು ಕೈ, ಒಂದು ಗನ್. ಲೈಸನ್ಸ್ ಕಾಣುವುದಿಲ್ಲ. ಬ್ಯಾಗ್ ಟೇಬಲ್ ಮೇಲೆ ಇಡಿ, ಎರಡೂ ಕೈ ಹೊರಗೆ ಇರಲಿ. "ಲೈಸನ್ಸ್ ಆಯುಧ ಬ್ಯಾಗಿನಲ್ಲಿದೆ, ಸೂಪರ್‌ವೈಸರನ್ನು ಕರೆಯಿರಿ" ಅನ್ನಿ. ಮೊದಲು ಲೈಸನ್ಸ್ ಅನ್ನಿ, ಆಮೇಲೆ ಆಯುಧ ಅನ್ನಿ. ನಗಬೇಡಿ, ಈ ಕ್ರಮಕ್ಕೆ ಬೆಲೆ ಇದೆ.

ನಾನು ಬಂದರೆ ಏನು ಮಾಡುತ್ತೇನೆ? ನಿಮ್ಮನ್ನು ಜನರಿಂದ ಪಕ್ಕಕ್ಕೆ ಕರೆಯುತ್ತೇನೆ. ಲೈಸನ್ಸ್ ನೋಡುತ್ತೇನೆ. ಆಯುಧ ಮುಟ್ಟುವುದಿಲ್ಲ. ವಾಪಸ್ ಹೋಗಿ ಅನ್ನುತ್ತೇನೆ. ರಿಜಿಸ್ಟರಿನಲ್ಲಿ ಸಮಯ ಬರೆಯುತ್ತೇನೆ. ಟೋಕನ್ ಕೊಡುವ ಗಾರ್ಡ್ ನನ್ನ ಕೈಕೆಳಗೆ ಇದ್ದಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ. ಅವನ ತಪ್ಪಲ್ಲ, ಕಲಿಸದವರ ತಪ್ಪು ಅಂತ ನೀವು ಹೇಳಬಹುದು. ಆದರೂ ಕಳಿಸುತ್ತಿದ್ದೆ.

ಆರು ಗುಂಡು ತುಂಬಿದ್ದನ್ನು ಊಟದ ಡಬ್ಬಿಯ ಪಕ್ಕ! ನಿಮ್ಮದು ಕಾನ್ಪುರದ ಹಳೆಯ ಮಾದರಿ ಆದರೆ ನಡು ಮಡಚಿದ ಹಾಗೆ ಬಗ್ಗುತ್ತದೆ, ಬಗ್ಗಿಸಿದರೆ ಗುಂಡುಗಳೆಲ್ಲ ಒಟ್ಟಿಗೆ ಮೇಲೆ ಬರುತ್ತವೆ. ಪೊಲೀಸರ ಮುಂದೆ ಖಾಲಿ ಮಾಡಬೇಕಾಗಿ ಬಂದರೆ ನಳಿಕೆಯನ್ನು ನೆಲದ ಕಡೆ ಹಿಡಿದು, ಬೆರಳನ್ನು ಟ್ರಿಗರ್‌ನಿಂದ ದೂರ ಇಟ್ಟು, ನೀವೇ ಮಾಡಿ. ಆರನ್ನೂ ಎಣಿಸಿ ತೋರಿಸಿ. ಆರೂ ತೂತಿನಿಂದ ಆಚೆಯ ಬೆಳಕು ಕಾಣುವುದನ್ನೂ ತೋರಿಸಿ. ಗೊತ್ತಿಲ್ಲದ ಹುಡುಗನ ಕೈಗೆ "ನೀನೇ ತೆಗಿ" ಅಂತ ಕೊಡಬೇಡಿ.

ಸುವರ್ಣ ಸೌಧದ ಮಾತು ಬಿಟ್ಟೇಬಿಡಿ. ಅಧಿವೇಶನ ಅಂದರೆ ಹಲಗಾ ದಾಟುವ ಮೊದಲೇ ಬ್ಯಾರಿಕೇಡ್, ಪಾಸು, ತಪಾಸಣೆ. ವಿಜಯಪುರದಿಂದ ಹೊರಡುವಾಗಲೇ ಕಪಾಟಿನಲ್ಲಿ ಇಟ್ಟು ಬನ್ನಿ. ಆಯುಧವನ್ನು ಸರಿಯಾಗಿ ಒಪ್ಪಿಸಿ ಮುಂದೆ ಹೋಗುವ ಕ್ರಮ ನಾನು ನೋಡಿದ್ದು ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಮಾತ್ರ. ಅಲ್ಲಿ ಕೌಂಟರಿನಲ್ಲಿ ಮೊದಲೇ ಹೇಳಬೇಕು, ಗುಂಡು ತೆಗೆದಿರಬೇಕು, ಲೈಸನ್ಸ್ ತೋರಿಸಬೇಕು. ಆಮೇಲೆ ಅದು ನಿಮ್ಮ ಕೈಯಲ್ಲಿ ಅಲ್ಲ, ವಿಮಾನದ ಹೊಟ್ಟೆಯಲ್ಲಿ ಹೋಗುತ್ತದೆ.

ಒಂದು ಕೊನೆಯ ಮಾತು. ಕೋರ್ಟಿಗೆ ಹೋಗುವ ಹಿಂದಿನ ರಾತ್ರಿ ಆ ಪರ್ಸನ್ನು ಹಾಸಿಗೆ ಮೇಲೆ ತಿರುವಿ ಒದರಿ. ರಿವಾಲ್ವರ್ ತೆಗೆದಿಟ್ಟವರು ಗುಂಡು ಮರೆಯುತ್ತಾರೆ. ಸ್ಕ್ಯಾನರ್ ಮರೆಯುವುದಿಲ್ಲ.

ತೋಪಿನ ಓಣಿ ಹುಡುಗ

ಡ್ಯಾಶ್‌ಬೋರ್ಡ್ ಮಾತು ವಾಪಸ್ ತೆಗೆದುಕೊಂಡೆ. ತೋಪಿನ ಮಾತು ಹಾಗೇ ಇರಲಿ.

ಬಂಕ್ ಅಕ್ಕ, ವಿಜಯಪುರ

ಎಲ್ಲರಿಗೂ ದೊಡ್ಡ ನಮಸ್ಕಾರ. ಕೋರ್ಟ್ ಮುಗಿಸಿ ಬಂದೆ, ಅದಕ್ಕೇ ತಡವಾಯಿತು.

ಸುಬೇದಾರ್ ಸಾಹೇಬರು ಹೇಳಿದ ಹಾಗೆ ಭಾನುವಾರ ರಾತ್ರಿ ಪರ್ಸ್ ತಿರುವಿದೆ. ಬಂಕಿನ ರಶೀದಿ, ಏಲಕ್ಕಿ, ತಲೆನೋವಿನ ಮಾತ್ರೆ, ಒಂದು ಉಡುಪಿನ ಗುಂಡಿ, ಚಿಲ್ಲರೆ. ಒಳಗಿನ ಸಣ್ಣ ಜಿಪ್ಪಿನಲ್ಲಿ ಏನೋ ಗಟ್ಟಿ ಸಿಕ್ಕಿತು. ಎರಡು ರೂಪಾಯಿ ನಾಣ್ಯ ಅಂದುಕೊಂಡೆ. ಗುಂಡು! ನನ್ನ ಹತ್ತಿರ ಲೆಕ್ಕಕ್ಕೆ 20 ಇರಬೇಕು. ಡಬ್ಬಿಯಲ್ಲಿ 13, ರಿವಾಲ್ವರ್‌ನಲ್ಲಿ 6. ಇಷ್ಟು ದಿನ ಆರು ಇವೆ, ಸರಿ ಇದೆ ಅಂತ ಸಮಾಧಾನ ಪಟ್ಟುಕೊಳ್ಳುತ್ತಿದ್ದೆ ಹೊರತು ಡಬ್ಬಿ ಎಣಿಸಿಯೇ ಇರಲಿಲ್ಲ. ಯಾವ ಸೋಮವಾರ ಅದು ಜಿಪ್ಪಿಗೆ ಹೋಯಿತೋ! ಯಜಮಾನರು ಇದ್ದಿದ್ದರೆ "ಲೆಕ್ಕ ಬರಲ್ಲ ನಿನಗೆ" ಅನ್ನುತ್ತಿದ್ದರು. ದಿನಾ ನಾಲ್ಕು ನಾಝಲ್ ಮೀಟರ್ ಲೆಕ್ಕ ಬರೆಯುವವಳಿಗೆ!

ಕಲೆಕ್ಷನ್ ಶನಿವಾರವೇ ಮಧ್ಯಾಹ್ನ ಕಟ್ಟಿಸಿದೆ. ಭಾನುವಾರದ್ದು ಮಂಗಳವಾರಕ್ಕೆ ಹೋಯಿತು, ಏನೂ ಮುಳುಗಲಿಲ್ಲ. ಕೋರ್ಟ್ ಗೇಟಿನಲ್ಲಿ ಮಹಿಳಾ ಪೊಲೀಸ್ ಪರ್ಸನ್ನು ಎರಡು ಸಲ ನೋಡಿದಳು, ಸಣ್ಣ ಜಿಪ್ಪನ್ನೂ ತೆಗೆದಳು. ಒಳಗೆ ಏಲಕ್ಕಿ ಮಾತ್ರ. ವಕೀಲೆ ಮೇಡಂ ಹೇಳಿದ ಹಾಗೇ ಆಯಿತು, ನನ್ನನ್ನು ಕೂಗಿದ್ದು ಮೂರೂ ಮುಕ್ಕಾಲಿಗೆ. ಎದುರಿನ ವಕೀಲರು ಇನ್ನೊಂದು ದಿನ ಕೇಳಿದರು. ಅದು ಬೇರೆ ಕಥೆ.

ಮನಸ್ಸಿಗೆ ಚುಚ್ಚುತ್ತಿದ್ದುದು ಆ ಗಾರ್ಡ್ ಹುಡುಗನ ವಿಷಯ. ನನಗೆ ಉಪಕಾರ ಮಾಡಲು ಹೋಗಿ ಅವನು ಎರಡು ವರ್ಷದ ಕೇಸಿನ ಪಕ್ಕ ಕೂತಿದ್ದನಲ್ಲ. ಸುಬೇದಾರ್ ಸಾಹೇಬರಿಗೆ ಬೇಸರ ಆಗಬಹುದು, ನಾನು ಅವನ ಮೇಲಿನವರಿಗೆ ಏನೂ ಹೇಳಲಿಲ್ಲ. ನಿನ್ನೆ ಆ ಕಚೇರಿಯ ಮುಂದೆ ಗಾಡಿ ನಿಲ್ಲಿಸಿ, ಅದೇ ಅಂಗಡಿಯಲ್ಲಿ ಎರಡು ಚಹಾ ಹೇಳಿ ಅವನನ್ನು ಕರೆದೆ. ಲೈಸನ್ಸ್ ಇಲ್ಲದವರು ಮುಟ್ಟಬಾರದು, ಇನ್ನು ಮುಂದೆ ಯಾರಾದರೂ ತಂದರೆ ಟೋಕನ್ ಕೊಡಬೇಡ, ವಾಪಸ್ ಕಳಿಸು, ಅವರು ಎಷ್ಟೇ ದೊಡ್ಡವರಿರಲಿ ಅಂತ ಎಲ್ಲ ಬಿಡಿಸಿ ಹೇಳಿದೆ. ಸೆಕ್ಷನ್ ನಂಬರ್ ಕೂಡ ಹೇಳಿದೆ, ಇಲ್ಲಿ ಓದಿದ್ದು.

ಅವನು ಚಹಾ ಲೋಟ ಕೆಳಗೆ ಇಟ್ಟು ನನ್ನನ್ನೇ ನೋಡಿದ.

"ಅಕ್ಕಾರ, ಹಂಗಿದ್ರ ನೀವ ಯಾಕ ಕೊಟ್ರಿ ಮತ್ತ?"